ಬಸ್ಸೋ ಲಾರಿಯೋ? ಗಾಲಿಯ ಮೇಲೆ ಮನೆ ಕಟ್ಟುವವರಿಗೆ

ಕಾಫಿ ಕುಯ್ಲು, ಅಡಿಕೆ ಸುಲಿತ ಮುಗಿದ ಮೇಲೆ ಮನೆಮಂದಿಯೊಡನೆ ಊರು ಸುತ್ತಲು ಹಳೆಯ ಫೋರ್ ವೀಲ್ ಡ್ರೈವ್ ವಾಹನ ಕೊಂಡು, ಅದರಲ್ಲೇ ಅಡಿಗೆ-ಮಲಗುವ ಅನುಕೂಲ ಮಾಡಿಕೊಳ್ಳಬೇಕೆಂಬ ಸದಸ್ಯ ಬಾಂಧವರಿಗೆ ನಾವು ಹೇಳುವುದಿಷ್ಟೆ: ಫಸಲಿನ ಹಣ ಸುರಿಯುವ ಮೊದಲು ಚಾಸಿಯ ಕೆಳಗೆ ಬಗ್ಗಿ ನೋಡಿ.

ಬಸ್ಸಿಗೆ ಸಿದ್ಧ ಬಾಡಿಯಿದೆ, ಒಳಗೆ ನಿಂತು ಓಡಾಡಬಹುದು. ಆದರೆ ಹಿಂಗಾಲಿಯಾಚೆ ಚಾಚಿದ ಭಾಗ ಉದ್ದ; ತೋಟದ ಏರಿನಲ್ಲಿ ನೆಲಕ್ಕೆ ಉಜ್ಜುತ್ತದೆ.

ಲಾರಿಯದು ಬೇರೆ ಕಥೆ. ಹಳ್ಳದಿಣ್ಣೆಯಲ್ಲಿ ಅದರ ಚಾಸಿ ತಿರುಚುತ್ತದೆ, ಮಾಡಿರುವುದೇ ಹಾಗೆ. ಅದರ ಮೇಲೆ ಪೆಟ್ಟಿಗೆಯಂಥ ಕೋಣೆಯನ್ನು ನಾಲ್ಕು ಮೂಲೆಗೂ ಬಿಗಿದು ಬೋಲ್ಟ್ ಹಾಕಿದರೆ ಕೋಣೆಯಾದರೂ ಸೀಳಬೇಕು, ಚಾಸಿಯಾದರೂ ಸೀಳಬೇಕು. ಬಲ್ಲವರು ಮೂರು ಕಡೆ ಮಾತ್ರ ಆಧಾರ ಕೊಡುತ್ತಾರೆ, ಇಲ್ಲವೇ ನಡುವೆ ಸ್ಪ್ರಿಂಗ್ ಇಡುತ್ತಾರೆ.

ಈ ಕೆಲಸಕ್ಕೆ ಹೆಸರಾದದ್ದು ಜರ್ಮನಿಯ ಯೂನಿಮೊಗ್. 1948ರಲ್ಲಿ ಹೊರಬಂದಾಗ ಅದು ನಮ್ಮಂಥ ಕೃಷಿಕರ ಯಂತ್ರ! ಆಲೂಗಡ್ಡೆಯ ಎರಡು ಸಾಲಿಗೆ ಹೊಂದುವಂತೆ ಗಾಲಿಗಳ ಅಂತರ 1,270 ಮಿ.ಮೀ. ಇಟ್ಟಿದ್ದರು. ಆಕ್ಸಲ್ ಗಾಲಿಯ ನಡುಮಟ್ಟಕ್ಕಿಂತ ಮೇಲಿರುವುದರಿಂದ ಕಲ್ಲು ತಾಗುವುದು ಕಡಿಮೆ. ನಮ್ಮಲ್ಲಿ ಜಬಲ್ಪುರದಲ್ಲಿ ಜರ್ಮನಿಯ ಮಾನ್ ಕಂಪೆನಿಯ ಪರವಾನಗಿಯಿಂದ 1959ರಲ್ಲಿ ಆರಂಭವಾದ ಶಕ್ತಿಮಾನ್ ಲಾರಿಯ ತಯಾರಿಕೆ ನಿಂತು ದಶಕಗಳಾದವು. ಹರಾಜಿನಲ್ಲಿ ಅಗ್ಗವೆಂದು ತಂದವರು ಬಿಡಿಭಾಗಕ್ಕೆ ಅಲೆಯಬೇಕು.

200 ಲೀಟರ್ ನೀರೆಂದರೆ 200 ಕಿಲೊ. ಭಾರವೆಲ್ಲ ಕೆಳಗಿರಲಿ, ಚಾವಣಿಗೆ ಹೇರಿದರೆ ಘಾಟಿ ತಿರುವಿನಲ್ಲಿ ವಾಹನ ಮಗುಚೀತು.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. ಮುಂಗಡ ಕೊಡುವ ಮುಂಚೆಯೇ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ ಬನ್ನಿ.