ಜುಲೈ 30 ಶುರುವಾದದ್ದು ಎಷ್ಟು ಗಂಟೆಗೆ?

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜರಿದು ಬಿತ್ತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಮೊದಲ ಕುಸಿತ ಆದದ್ದು ನಡುರಾತ್ರಿ ದಾಟಿದ ಮೇಲೆ, ಇನ್ನೊಂದು ನಸುಕಿನ ನಾಲ್ಕರ ಸುಮಾರಿಗೆ. ಕ್ಯಾಲೆಂಡರಿನ ಪ್ರಕಾರ ಅದು ಮಂಗಳವಾರ. ಆಡುಮಾತಿನಲ್ಲಿ ‘ಸೋಮವಾರ ರಾತ್ರಿ’. ವಾರವನ್ನು ಸೂರ್ಯೋದಯದಿಂದ ಎಣಿಸುವ ಪಂಚಾಂಗದಲ್ಲೂ ಸೋಮವಾರವೇ. ಗ್ರೀನಿಚ್ ಕಾಲಮಾನದ ವಾರಸುದಾರನಾದ ಯುಟಿಸಿ ಲೆಕ್ಕದಲ್ಲಿ ಭಾರತದ ನಸುಕಿನ ನಾಲ್ಕು ಎಂದರೆ ಹಿಂದಿನ ರಾತ್ರಿಯ ಹತ್ತೂವರೆ. ಹಾಗಾಗಿ ಅಲ್ಲಿನ್ನೂ ಜುಲೈ 29.

ಇದು ಮಾತಿನ ಚಮತ್ಕಾರವಲ್ಲ. ‘ಜುಲೈ 30ರಂದು ಎಷ್ಟು ಮಳೆ ಬಂತು’ ಎಂದು ಡೇಟಾಬೇಸನ್ನು ಕೇಳುವ ಯಾರಿಗೇ ಆದರೂ ಮೊದಲು ಎದುರಾಗುವ ತೊಡಕು ಇದೇ.

ಕಂಪ್ಯೂಟರಿಗೆ ತಾರೀಖು ಗೊತ್ತಿಲ್ಲ. ಅದು ಬರೆದಿಟ್ಟುಕೊಳ್ಳುವುದು ಕ್ಷಣವನ್ನು. ಬಹುಪಾಲು ವ್ಯವಸ್ಥೆಗಳು 1970ರ ಜನವರಿ 1ರ ಯುಟಿಸಿ ನಡುರಾತ್ರಿಯಿಂದ ಕಳೆದ ಸೆಕೆಂಡುಗಳನ್ನು ಎಣಿಸುತ್ತವೆ. ಈ ಎಣಿಕೆಗೆ ಟೈಮ್‌ಸ್ಟ್ಯಾಂಪ್ ಎಂದು ಹೆಸರು. ಭಾರತದಲ್ಲಿ 2024ರ ಜುಲೈ 30 ಹುಟ್ಟಿದ್ದು 1722277800ನೇ ಸೆಕೆಂಡಿನಲ್ಲಿ, ಮುಗಿದದ್ದು 1722364200ರಲ್ಲಿ. ನಡುವಿನ ಅಂತರ 86,400, ಒಂದು ದಿನದ ಸೆಕೆಂಡುಗಳು. ಆದರೆ ಈ ಎರಡು ಗಡಿಗಳು ಎಲ್ಲಿವೆ ಎಂಬುದು ಡೇಟಾದೊಳಗೆ ಬರೆದಿರುವುದಿಲ್ಲ. ಅದನ್ನು ಹೇಳಬೇಕಾದವರು ಪ್ರಶ್ನೆ ಕೇಳುವ ನಾವು.

ಮಳೆಯ ವಿಷಯದಲ್ಲಿ ಗಡಿ ಇನ್ನಷ್ಟು ವಿಚಿತ್ರ. ಭಾರತೀಯ ಹವಾಮಾನ ಇಲಾಖೆಯ ಮಳೆ-ದಿನ ಶುರುವಾಗುವುದು ಬೆಳಿಗ್ಗೆ 8.30ಕ್ಕೆ, ಮುಗಿಯುವುದು ಮರುದಿನ ಬೆಳಿಗ್ಗೆ 8.30ಕ್ಕೆ. ಮಾಪಕದ ನೀರನ್ನು ಅಳೆಯುವುದು ಆ ಹೊತ್ತಿಗೆ, ಅಳೆದ ದಿನದ ತಾರೀಖೇ ಮಳೆಯ ತಾರೀಖು. ಅಂದರೆ ಇಲಾಖೆಯ ಕೋಷ್ಟಕದಲ್ಲಿ ‘ಜುಲೈ 30’ ಎಂದಿರುವ ಮಳೆಯಲ್ಲಿ ಹೆಚ್ಚಿನ ಪಾಲು, ಹದಿನೈದೂವರೆ ಗಂಟೆಯದು, ನಮ್ಮ ಕ್ಯಾಲೆಂಡರಿನ 29ಕ್ಕೆ ಸೇರಿದ್ದು. 8.30 ಎಂಬ ಹೊತ್ತೂ ಸುಮ್ಮನೆ ಬಂದದ್ದಲ್ಲ, ಅದು ಯುಟಿಸಿಯ ಸರಿಯಾದ 3 ಗಂಟೆ.

ಈಗ ಅಮೆರಿಕದ ನಾಸಾ, ಜಪಾನಿನ ಜಾಕ್ಸಾ ಸೇರಿ ನಡೆಸುವ ಜಿಪಿಎಂ ಯೋಜನೆಯ ಮಳೆ ಮಾಹಿತಿಯನ್ನು ತೆಗೆದುಕೊಳ್ಳಿ. ಉಪಗ್ರಹಗಳಿಂದ ಬಂದ ಈ ಮಾಹಿತಿ ಅರ್ಧ ಗಂಟೆಗೊಮ್ಮೆಯದು ಸಿಗುತ್ತದೆ, ದಿನದ ಮೊತ್ತವೂ ಸಿಗುತ್ತದೆ. ಆ ದಿನ ಮಾತ್ರ ಯುಟಿಸಿಯ ದಿನ, ನಮ್ಮ ಬೆಳಿಗ್ಗೆ 5.30ರಿಂದ ಮರುದಿನದ 5.30. ವಿದ್ಯಾರ್ಥಿಯೊಬ್ಬ ಎರಡೂ ಕಡತಗಳಲ್ಲಿ ‘30’ ಎಂದಿರುವ ಸಾಲುಗಳನ್ನು ಜೋಡಿಸಿ ಹೋಲಿಸಿದರೆ, ಗುಡ್ಡ ಕುಸಿದ ರಾತ್ರಿಯ ಮಳೆ ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಎರಡು ದಿನಗಳಿಗೂ ಸಾಮಾನ್ಯವಾದ ಅವಧಿ ಬರೀ ಮೂರು ಗಂಟೆ! ಆಮೇಲೆ ‘ಉಪಗ್ರಹ ತಪ್ಪು ಅಳೆಯಿತು’ ಎಂದು ಬರೆದರೆ ಪಾಪ, ಉಪಗ್ರಹಕ್ಕೆ ಬಾಯಿಲ್ಲ. ಪರಿಹಾರ ಸರಳ: ಅರ್ಧ ಗಂಟೆಯ ಮಾಹಿತಿಯನ್ನೇ ತೆಗೆದುಕೊಂಡು, ಯುಟಿಸಿ 3ರಿಂದ ಮರುದಿನದ 3ರವರೆಗೆ ಕೂಡಿಸಿಕೊಳ್ಳುವುದು.

ಹಾಗಾದರೆ ಪ್ರಶ್ನೆ ಕೇಳುವ ಸರಿಯಾದ ಕ್ರಮ ಯಾವುದು? ತಾರೀಖಿನ ಹೆಸರು ಹಿಡಿದು ಹುಡುಕಬಾರದು, ಎರಡು ಗಡಿಗಳನ್ನು ಕೊಟ್ಟು ಹುಡುಕಬೇಕು. ‘ಆರಂಭದ ಕ್ಷಣಕ್ಕೆ ಸಮ ಅಥವಾ ಅದಕ್ಕಿಂತ ಹೆಚ್ಚು, ಮುಕ್ತಾಯದ ಕ್ಷಣಕ್ಕಿಂತ ಕಡಿಮೆ’ ಎಂಬುದು ಪಳಗಿದವರ ಸೂತ್ರ. ಈ ‘ಕಡಿಮೆ’ ಎಂಬಲ್ಲೇ ಜಾಣತನ ಇರುವುದು. ಹಲವರು ರಾತ್ರಿ 11 ಗಂಟೆ 59 ನಿಮಿಷ 59 ಸೆಕೆಂಡ್ ‘ವರೆಗೆ’ ಎಂದು ಬರೆಯುತ್ತಾರೆ. ಆ ಸೆಕೆಂಡಿನ ನಡುವೆ, ಅರ್ಧದಲ್ಲಿ ಬಿದ್ದ ದಾಖಲೆ ಯಾವ ದಿನಕ್ಕೂ ಸೇರದೆ ಅನಾಥವಾಗುತ್ತದೆ. ‘ಬಿಟ್ವೀನ್’ ಎಂಬ ಆಜ್ಞೆ ಬಳಸಿ 30 ಮತ್ತು 31ರ ನಡುವೆ ಎಂದು ಕೇಳಿದರೆ ಮತ್ತೊಂದು ಎಡವಟ್ಟು: ಆ ಆಜ್ಞೆ ಎರಡೂ ತುದಿಗಳನ್ನು ಒಳಗೆ ಸೇರಿಸಿಕೊಳ್ಳುವುದರಿಂದ 31ರ ನಡುರಾತ್ರಿಯ ದಾಖಲೆ ಎರಡು ದಿನಗಳಲ್ಲೂ ಲೆಕ್ಕಕ್ಕೆ ಬರುತ್ತದೆ.

ಮಳೆಮಾಪಕದ ಮುಂದೆ ಈ ಸೂತ್ರವೂ ತುಸು ಬಾಗಬೇಕಾಗುತ್ತದೆ. ಹದಿನೈದು ನಿಮಿಷದ ಮಳೆಯನ್ನು ಆ ಅವಧಿ ಮುಗಿದಾಗ ದಾಖಲಿಸುವ ಯಂತ್ರವಾದರೆ, 8.30ರ ಮುದ್ರೆ ಹೊತ್ತ ಅಂಕಿಯಲ್ಲಿರುವುದು 8.15ರಿಂದ 8.30ರವರೆಗೆ ಬಿದ್ದ ನೀರು. ಅದು ಮುಗಿದ ದಿನದ್ದು, ಶುರುವಾಗುವ ದಿನದ್ದಲ್ಲ. ಇಲ್ಲಿ ಸಮಚಿಹ್ನೆ ಆರಂಭದ ಗಡಿಯಿಂದ ಮುಕ್ತಾಯದ ಗಡಿಗೆ ದಾಟಬೇಕು. ಕ್ಷಣದ ದಾಖಲೆಗೂ ಅವಧಿಯ ದಾಖಲೆಗೂ ಇರುವ ಈ ವ್ಯತ್ಯಾಸವನ್ನು ಪಠ್ಯಪುಸ್ತಕಗಳು ಒತ್ತಿ ಹೇಳುವುದು ಕಡಿಮೆ.

ಗಡಿ ಕೊಟ್ಟು ಕೇಳುವುದರಲ್ಲಿ ವೇಗದ ಲಾಭವೂ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲವನ್ನೇ ನೋಡಿ. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರದಷ್ಟು ಸ್ವಯಂಚಾಲಿತ ಮಳೆಮಾಪಕಗಳು, ಹದಿನೈದು ನಿಮಿಷಕ್ಕೊಂದು ಅಂಕಿ. ಒಂದು ಮಾಪಕಕ್ಕೆ ದಿನಕ್ಕೆ 96 ದಾಖಲೆ ಎಂದರೆ ವರ್ಷಕ್ಕೆ ಒಟ್ಟು 21 ಕೋಟಿ. ಇಷ್ಟರಲ್ಲಿ ಒಂದು ದಿನವನ್ನು ಹೆಕ್ಕಲು ಡೇಟಾಬೇಸ್ ‘ಇಂಡೆಕ್ಸ್’ ಇಟ್ಟುಕೊಳ್ಳುತ್ತದೆ, ಎಂದರೆ ಸಮಯದ ಕ್ರಮದಲ್ಲಿ ಜೋಡಿಸಿದ ಸೂಚಿ. ನಿಘಂಟಿನಲ್ಲಿ ‘ಮ’ದಿಂದ ಶುರುವಾಗುವ ಪದಗಳನ್ನು ಕೇಳಿದರೆ ನೇರವಾಗಿ ಆ ಪುಟ ತೆರೆಯಬಹುದು, ಎರಡನೇ ಅಕ್ಷರ ‘ಮ’ ಇರುವ ಪದಗಳು ಬೇಕೆಂದರೆ ಇಡೀ ನಿಘಂಟು ಓದಬೇಕು. ಪ್ರತಿ ಟೈಮ್‌ಸ್ಟ್ಯಾಂಪನ್ನೂ ತಾರೀಖಾಗಿ ಪರಿವರ್ತಿಸಿ, ಅದು 30 ಹೌದೇ ಎಂದು ನೋಡುವ ಪ್ರಶ್ನೆ ಈ ಎರಡನೇ ಬಗೆಯದು. ಅದಕ್ಕೆಂದೇ ಬೇರೆ ಸೂಚಿ ಕಟ್ಟಿರದಿದ್ದರೆ ಸಾಮಾನ್ಯವಾಗಿ 21 ಕೋಟಿ ಸಾಲುಗಳನ್ನೂ ಮುಟ್ಟಿ ನೋಡಬೇಕಾಗುತ್ತದೆ.

ಒಂದೇ ತಾರೀಖಿನೊಳಗೆ ನಿಲ್ಲದ ಪ್ರಶ್ನೆಗಳೂ ಇವೆ. ವಯನಾಡು–ಗುಂಡ್ಲುಪೇಟೆ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನ ನಡುವೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಗುಡ್ಡ ಕುಸಿದ ರಾತ್ರಿ ಆ ಹೊತ್ತಿನಲ್ಲಿ ದಾಟಿದ ತುರ್ತು ವಾಹನಗಳ ಪಟ್ಟಿ ಬೇಕೆಂದು ‘ಗಂಟೆ 21ಕ್ಕಿಂತ ಹೆಚ್ಚು, 6ಕ್ಕಿಂತ ಕಡಿಮೆ’ ಎಂದು ಕೇಳಿದರೆ ಉತ್ತರ ಸೊನ್ನೆ, ಯಾಕೆಂದರೆ ಅಂಥ ಗಂಟೆಯೇ ಇಲ್ಲ. 29ರ ರಾತ್ರಿ 9ರಿಂದ 30ರ ಬೆಳಿಗ್ಗೆ 6ರವರೆಗೆ ಎಂದರೆ ಪಟ್ಟಿ ತಾನಾಗಿ ಬರುತ್ತದೆ.

ಗುಡ್ಡಕ್ಕೂ ಅಷ್ಟೆ, ನಡುರಾತ್ರಿ ಲೆಕ್ಕಕ್ಕಿಲ್ಲ. ಮಣ್ಣು ನೀರು ಕುಡಿಯುವುದು ಗಂಟೆಗಳ ಲೆಕ್ಕದಲ್ಲಿ. ಕಲ್ಪೆಟ್ಟದ ಹ್ಯೂಮ್ ಸೆಂಟರ್ ವಯನಾಡಿನಾದ್ಯಂತ ಮಳೆಮಾಪಕಗಳ ಜಾಲ ನಡೆಸುತ್ತದೆ. ಕುಸಿತಕ್ಕೆ ಮುಂಚಿನ 48 ಗಂಟೆಗಳಲ್ಲಿ ಸಮೀಪದ ಪುತ್ತುಮಲದಲ್ಲಿ 572 ಮಿಲಿಮೀಟರ್ ಮಳೆ ಸುರಿದದ್ದು ಅದರ ದಾಖಲೆಯಲ್ಲಿದೆ. 2019ರ ಆಗಸ್ಟ್ 8ರಂದು ಭೂಕುಸಿತ ಕಂಡ ಊರೇ ಈ ಪುತ್ತುಮಲ. ಎಚ್ಚರಿಕೆ ಕೊಡುವ ವ್ಯವಸ್ಥೆಗೆ ಬೇಕಾದ ಪ್ರಶ್ನೆ ‘ಇವತ್ತು ಎಷ್ಟು ಮಳೆ’ ಎಂಬುದಲ್ಲ, ‘ಈ ಕ್ಷಣದಿಂದ ಹಿಂದಿನ 48 ಗಂಟೆಗಳಲ್ಲಿ ಎಷ್ಟು’ ಎಂಬುದು. ದಿನದ ಮೊತ್ತವನ್ನಷ್ಟೇ ಉಳಿಸಿಕೊಂಡ ಕಡತಕ್ಕೆ ಈ ಪ್ರಶ್ನೆಗೆ ನಿಖರವಾಗಿ ಉತ್ತರಿಸಲು ಬರುವುದಿಲ್ಲ. ಕ್ಷಣಗಳನ್ನು ಉಳಿಸಿಕೊಂಡದ್ದಕ್ಕೆ ಬರುತ್ತದೆ.

ಮಳೆ ಅಂಕಿ ಪ್ರಕಟಿಸುವ ಇಲಾಖೆಗಳಲ್ಲಿ, ಅವನ್ನು ಅಚ್ಚುಹಾಕುವ ಪತ್ರಿಕೆಗಳಲ್ಲಿ ಒಂದು ಕೋರಿಕೆ: ತಾರೀಖಿನ ಪಕ್ಕದಲ್ಲಿ ಎರಡು ಗಂಟೆಗಳನ್ನೂ ಕೊಡಿ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂದು. ಮೂಲ ಟೈಮ್‌ಸ್ಟ್ಯಾಂಪುಗಳನ್ನು ಮಾತ್ರ ಅಳಿಸಬೇಡಿ.