ವಾಹನದ ಎ.ಸಿ. ಕಂಪ್ರೆಸರ್ ಉಳಿಸಲು ದುಬಾರಿ ಸೆನ್ಸರ್ ಬೇಕಿಲ್ಲ

ಉಡುಪಿ: ಕಾಪುವಿನ ಕಡಲ ತಡಿಯಿಂದ ಕಾರ್ಕಳದ ಘಟ್ಟದ ಬುಡದವರೆಗೆ ಸೆಕೆಯೂ ತೇವವೂ ಒಟ್ಟಾಗಿ ಕಾಡುವ ಕರಾವಳಿಯಲ್ಲಿ ವಾಹನದ ಎ.ಸಿ. ಈಗ ಭೋಗದ ವಸ್ತುವಲ್ಲ. ಬೇಸಗೆಯಲ್ಲಿ ತಂಪಿಗೆ, ಮಳೆಗಾಲದಲ್ಲಿ ಮುಂಗಾಜಿನ ಮಸುಕು ತೆಗೆಯುವುದಕ್ಕೆ ಅದು ಬೇಕೇ ಬೇಕು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಚಾಲಕರ ಕ್ಯಾಬಿನ್‌ಗೂ ಕೇಂದ್ರ ಸರಕಾರ ಎ.ಸಿ. ಕಡ್ಡಾಯಗೊಳಿಸಿದೆ. ಈ ವ್ಯವಸ್ಥೆಯಲ್ಲಿ ಅತ್ಯಂತ ದುಬಾರಿ ಭಾಗಗಳಲ್ಲೊಂದು ಕಂಪ್ರೆಸರ್. ಅದು ಕೆಟ್ಟರೆ ಟ್ಯಾಕ್ಸಿ ನಡೆಸಿ ಬದುಕುವವರಿಗೆ ಹಲವು ಸಾವಿರ ರೂಪಾಯಿ ಖರ್ಚಿನೊಂದಿಗೆ ದಿನದ ದುಡಿಮೆಯೂ ನಷ್ಟ.

ಗ್ಯಾಸ್ ಹೋದರೆ ಎಣ್ಣೆಯೂ ಇಲ್ಲ

ಬಹುತೇಕ ಕಾರುಗಳ ಕಂಪ್ರೆಸರ್‌ನಲ್ಲಿ ಎಂಜಿನ್‌ಗೆ ಇರುವಂತೆ ಎಣ್ಣೆಯ ಪ್ರತ್ಯೇಕ ತೊಟ್ಟಿ ಇರುವುದಿಲ್ಲ. ಗ್ಯಾಸಿನೊಂದಿಗೆ ಬೆರೆತು ಕೊಳವೆಗಳಲ್ಲಿ ಸುತ್ತುವ ಎಣ್ಣೆಯೇ ಅದರ ಬಿಡಿಭಾಗಗಳನ್ನು ನಯವಾಗಿಡುತ್ತದೆ. ಮರಳಿ ಬರುವ ತಣ್ಣನೆಯ ಗ್ಯಾಸ್ ಅದನ್ನು ತಂಪಾಗಿಯೂ ಇಡುತ್ತದೆ. ಗ್ಯಾಸ್ ಸೋರಿ ಕಡಿಮೆಯಾದಾಗ ಎಣ್ಣೆ ದಾರಿಯಲ್ಲೇ ಉಳಿದುಬಿಡುತ್ತದೆ. ಒಣಗಿ ತಿರುಗುವ ಕಂಪ್ರೆಸರ್ ಬಿಸಿಯೇರಿ ಸವೆಯುತ್ತದೆ. ಉದುರಿದ ಲೋಹದ ಚೂರುಗಳು ಇಡೀ ವ್ಯವಸ್ಥೆಯಲ್ಲಿ ಹರಡುತ್ತವೆ. ಅವನ್ನು ತೆಗೆಯದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದಕ್ಕೂ ಅದೇ ಗತಿ.

ಒತ್ತಡದ ಸ್ವಿಚ್‌ನ ಮಿತಿ

ಇದನ್ನು ತಡೆಯಲು ಹಲವು ವಾಹನಗಳಲ್ಲಿ ಅಗ್ಗದ ಒತ್ತಡದ ಸ್ವಿಚ್ ಇದೆ. ಒತ್ತಡ ಸುಮಾರು 2 ಬಾರ್‌ಗಿಂತ ಕೆಳಗಿಳಿದರೆ ಅಥವಾ 30 ಬಾರ್‌ನ ಆಸುಪಾಸಿಗೆ ಏರಿದರೆ ಕಂಪ್ರೆಸರ್‌ನ ಕ್ಲಚ್‌ಗೆ ಹೋಗುವ ವಿದ್ಯುತ್ತನ್ನು ಅದು ಕಡಿದುಹಾಕುತ್ತದೆ. ಈ ಅಂಕಿಗಳು ವಾಹನದಿಂದ ವಾಹನಕ್ಕೆ ತುಸು ಬೇರೆಯಾಗುತ್ತವೆ.

ಆದರೆ ಸ್ವಿಚ್‌ಗೆ ಗ್ಯಾಸಿನ ಪ್ರಮಾಣ ತಿಳಿಯದು. ವ್ಯವಸ್ಥೆಯೊಳಗೆ ದ್ರವರೂಪದ ಗ್ಯಾಸ್ ಸ್ವಲ್ಪವಾದರೂ ಉಳಿದಿರುವವರೆಗೆ, ನಿಂತ ವಾಹನದಲ್ಲಿ ಒತ್ತಡವನ್ನು ನಿರ್ಧರಿಸುವುದು ಉಷ್ಣಾಂಶವೇ ಹೊರತು ಪ್ರಮಾಣವಲ್ಲ. ಬಹುತೇಕ ಕಾರುಗಳಲ್ಲಿರುವ ಆರ್-134ಎ ಗ್ಯಾಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 7 ಬಾರ್ ಒತ್ತಡ ತೋರಿಸುತ್ತದೆ. ಗ್ಯಾಸ್ ಪೂರ್ಣ ಇದ್ದರೂ ಅಷ್ಟೇ, ಅರ್ಧವಿದ್ದರೂ ಅಷ್ಟೇ. ಗ್ಯಾಸ್ ಬಹುಪಾಲು ಹೋದ ಮೇಲಷ್ಟೇ ಸ್ವಿಚ್ ಎಚ್ಚರಗೊಳ್ಳುತ್ತದೆ. ಅಲ್ಲಿಯವರೆಗಿನ ಅವಧಿಯೇ ಕಂಪ್ರೆಸರ್‌ಗೆ ಅಪಾಯದ ಕಾಲ.

ಇರುವ ಮಾಹಿತಿಯೇ ಸಾಕು

ಈ ಅಂತರ ತುಂಬಲು ಹೊಸ ಸೆನ್ಸರ್ ಜೋಡಿಸಬೇಕೆಂದಿಲ್ಲ. ಕ್ಯಾಬಿನ್ ಗಾಳಿಯನ್ನು ತಂಪಾಗಿಸುವ ಕಾಯಿಲ್‌ನ ಉಷ್ಣಾಂಶ, ಹೊರಗಿನ ಉಷ್ಣಾಂಶ ಹಾಗೂ ಎಂಜಿನ್ ವೇಗವನ್ನು ಇಂದಿನ ಅನೇಕ ಕಾರುಗಳ ಕಂಪ್ಯೂಟರ್ ಹೇಗೂ ಅಳೆಯುತ್ತಿರುತ್ತದೆ. ಕಂಪ್ರೆಸರ್ ಓಡಿದಾಗ ಕಾಯಿಲ್ ನಿರೀಕ್ಷೆಯಷ್ಟು ತಣ್ಣಗಾಗದಿದ್ದರೆ ಅಥವಾ ಕ್ಲಚ್ ಪದೇ ಪದೇ ಹಾಕಿ ಬಿಡುತ್ತಿದ್ದರೆ ಗ್ಯಾಸ್ ಕಡಿಮೆಯಾಗಿದೆಯೆಂದು ಊಹಿಸಿ, ಕಂಪ್ರೆಸರ್ ನಿಲ್ಲಿಸುವಂತೆ ತಂತ್ರಾಂಶ ಬರೆಯಬಹುದು.

ಹಳೆಯ ಕಾರಿನ ಮಾಲಕರೂ ಇದೇ ತರ್ಕ ಅನುಸರಿಸಬಹುದು. ಎ.ಸಿ. ಸರಿಯಿರುವಾಗ ಮಧ್ಯದ ಗಾಳಿಕಿಂಡಿಯಲ್ಲಿ ಸಾಮಾನ್ಯ ಥರ್ಮೋಮೀಟರ್ ಇಟ್ಟು ಉಷ್ಣಾಂಶ ಬರೆದಿಟ್ಟುಕೊಳ್ಳಬೇಕು. ತಿಂಗಳಿಗೊಮ್ಮೆ ಅದೇ ಹೊತ್ತಿಗೆ, ಫ್ಯಾನ್ ಅದೇ ವೇಗದಲ್ಲಿರಿಸಿ ಹೋಲಿಸಿದರೆ ಸೋರಿಕೆಯ ಸುಳಿವು ಬೇಗನೆ ಸಿಗುತ್ತದೆ. ಸುಡುಬಿಸಿಲಿನಲ್ಲಿ ಕ್ಲಚ್ ಕೆಲವೇ ಸೆಕೆಂಡಿಗೊಮ್ಮೆ ‘ಟಕ್’ ಎನ್ನುವುದು, ಕೊಳವೆಯ ಕೀಲುಗಳಲ್ಲಿ ಎಣ್ಣೆಯ ಜಿಡ್ಡು ಕಾಣುವುದು ಇತರ ಲಕ್ಷಣಗಳು. ಇವು ಕಂಡೊಡನೆ ಎ.ಸಿ. ಆರಿಸಿ ಗ್ಯಾರೇಜಿಗೆ ಒಯ್ಯುವುದೇ ಅತ್ಯಂತ ಅಗ್ಗದ ರಕ್ಷಣೆ.

ಮಾಡಲೇಬಾರದ ಕೆಲಸವೊಂದಿದೆ. ಎ.ಸಿ. ಓಡುತ್ತಿಲ್ಲವೆಂದು ಒತ್ತಡದ ಸ್ವಿಚ್‌ನ ತಂತಿಗಳನ್ನು ನೇರವಾಗಿ ಜೋಡಿಸುವುದೆಂದರೆ ಕಾವಲುಗಾರನನ್ನು ಕಳುಹಿಸಿ ಬಾಗಿಲು ತೆರೆದಿಟ್ಟಂತೆ. ಆ ದಿನ ಎ.ಸಿ. ಓಡೀತು, ಬೆಲೆ ತೆರುವುದು ಕಂಪ್ರೆಸರ್.

ಕರಾವಳಿಯ ವಿಶೇಷ

ಕಾಪು, ಮಲ್ಪೆಯ ಉಪ್ಪುಗಾಳಿ ವಾಹನದ ಮುಂಭಾಗದಲ್ಲಿರುವ ಕಂಡೆನ್ಸರ್‌ನ ಅಲ್ಯೂಮಿನಿಯಂ ರೆಕ್ಕೆಗಳನ್ನು ತಿನ್ನುತ್ತದೆ. ಒಳನಾಡಿನ ಕೆಂಪು ಧೂಳು ಅವುಗಳ ಸಂದಿ ಮುಚ್ಚುತ್ತದೆ. ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯಲ್ಲಿ ನಿಧಾನವಾಗಿ ಸಾಗುವಾಗಲೂ, ಆಗುಂಬೆ ಘಾಟಿಯ ತಿರುವುಗಳಲ್ಲೂ ಕಂಡೆನ್ಸರ್‌ಗೆ ಎದುರುಗಾಳಿ ಸಾಲದೆ ಫ್ಯಾನೊಂದೇ ಆಸರೆ. ಫ್ಯಾನ್ ನಿಂತರೆ ಒತ್ತಡ ಏರಿ ಕಂಪ್ರೆಸರ್ ಬಳಲುತ್ತದೆ. ಆದುದರಿಂದ ಕಂಡೆನ್ಸರನ್ನು ಮೆಲ್ಲನೆಯ ಸಿಹಿನೀರಿನ ಧಾರೆಯಲ್ಲಿ ತೊಳೆಯುವುದು, ಫ್ಯಾನ್ ತಿರುಗುತ್ತಿದೆಯೇ ಎಂದು ನೋಡುವುದು ಖರ್ಚಿಲ್ಲದ ಉಪಾಯ.

ಕಂಪ್ರೆಸರ್ ಎಣ್ಣೆ ಗಾಳಿಯ ತೇವವನ್ನು ಬೇಗನೆ ಹೀರುತ್ತದೆ. ಕೊಳವೆ ಬಿಚ್ಚಿದ ಮೇಲೆ ಬಾಯಿ ಮುಚ್ಚಿಡುವುದು, ಗ್ಯಾಸ್ ತುಂಬುವ ಮುನ್ನ ನಿರ್ವಾತ ಪಂಪಿನಿಂದ ಗಾಳಿ-ತೇವ ಎಳೆದು ತೆಗೆಯುವುದು ಇಲ್ಲಿ ಇನ್ನಷ್ಟು ಅಗತ್ಯ. ವಿದ್ಯುತ್ ಕಾರುಗಳ ಕಂಪ್ರೆಸರ್‌ಗೆ ಬೇರೆಯೇ ಎಣ್ಣೆ ಬೇಕು. ತಪ್ಪು ಎಣ್ಣೆ ವಿದ್ಯುತ್ ಸೋರಿಕೆಗೆ ದಾರಿಯಾಗಬಹುದು.

ಮೊದಲು ಸೋರಿಕೆ ಮುಚ್ಚಿ

ಪ್ರತಿ ಬೇಸಗೆಗೊಮ್ಮೆ ಗ್ಯಾಸ್ ತುಂಬಿಸುವುದು ಪರಿಹಾರವಲ್ಲ. ಸೋರಿದ ಆರ್-134ಎ, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿಮಾಡುತ್ತದೆ. ಇಂತಹ ಅನಿಲಗಳ ಬಳಕೆ ತಗ್ಗಿಸುವ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಸೋರಿಕೆ ಹುಡುಕಿ ಮುಚ್ಚಿದ ಬಳಿಕ, ವಾಹನ ತಯಾರಕರು ಸೂಚಿಸಿದಷ್ಟು ಗ್ರಾಂ ಗ್ಯಾಸನ್ನು ತೂಗಿ ತುಂಬಿಸಿದರೆ ಕಂಪ್ರೆಸರ್‌ಗೆ ಎಣ್ಣೆಯೂ ತಪ್ಪದೆ ತಲುಪುತ್ತದೆ.