ಗೋದಾಮು ತುಂಬಿದಾಗ ಸ್ಕ್ಯಾನರ್ ಪರೀಕ್ಷಿಸಿ

ಬಾಗೇಪಲ್ಲಿ ದಾಟಿ 44ನೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಚಿಲಮತ್ತೂರು ಮಂಡಲದ ಕೊಡಿಕೊಂಡ ಚೆಕ್‌ಪೋಸ್ಟ್ ಸಿಗುತ್ತದೆ. ಎಡಕ್ಕೆ ಹೊರಳಿದರೆ ಲೇಪಾಕ್ಷಿ, ಹಿಂದೂಪುರ. ನೇರ ಹೋದರೆ ಪೆನುಕೊಂಡ. ಅಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಒಂದು ಕಡೆ ಹುಣಸೆಹಣ್ಣು, ಬೆಲ್ಲ. ಇನ್ನೊಂದು ಕಡೆ ಲೋಹದ ಬಿಡಿಭಾಗ. ಗೋದಾಮಿನ ಲೆಕ್ಕಕ್ಕೆ ವೈರ್‌ಲೆಸ್ ಹ್ಯಾಂಡ್‌ಹೆಲ್ಡ್ ಸ್ಕ್ಯಾನರ್ ಕೊಳ್ಳುವವರು ಬೆಲೆಗಿಂತ ಮೊದಲು ಯೋಚಿಸಬೇಕಾದ್ದು ಈ ಸರಕಿನ ಬಗ್ಗೆ.

ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. 5 ಗಿಗಾಹರ್ಟ್ಸ್‌ನದು ಅದರ ಅರ್ಧ. ಎರಡನ್ನೂ ನೀರು ಹೀರಿಕೊಳ್ಳುತ್ತದೆ. ಹುಣಸೆಹಣ್ಣಿನಲ್ಲೂ ಬೆಲ್ಲದಲ್ಲೂ ತೇವಾಂಶ ಇದ್ದೇ ಇರುತ್ತದೆ. ಸುಗ್ಗಿಗೆ ಮುಂಚೆ ಖಾಲಿ ಗೋದಾಮಿನಲ್ಲಿ ಮೂಲೆಮೂಲೆಗೂ ಸಿಗುತ್ತಿದ್ದ ಸಿಗ್ನಲ್, ಮೂಟೆಗಳು ಸೂರು ಮುಟ್ಟಿದಾಗ ಸೊರಗುತ್ತದೆ. ಯಂತ್ರ ಕೆಟ್ಟಿತೆಂದು ಮಾರಿದವನಿಗೆ ಫೋನ್ ಹೋಗುವುದು ಆಗಲೇ!

ಲೋಹದ ಕಾಟವೇ ಬೇರೆ. ಕಬ್ಬಿಣದ ರ‍್ಯಾಕ್, ತಗಡಿನ ಛಾವಣಿ ಅಲೆಯನ್ನು ಹೀರುವುದಿಲ್ಲ, ತಿರುಗಿಸಿ ಎಸೆಯುತ್ತವೆ. ನೇರ ಬಂದ ಅಲೆಯೂ ಪ್ರತಿಫಲಿಸಿ ಬಂದ ಅಲೆಯೂ ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಕೈಯನ್ನು ಗೇಣಿನಷ್ಟೂ ಸರಿಸಬೇಕಿಲ್ಲ, ಸತ್ತ ಸಿಗ್ನಲ್ ಮತ್ತೆ ಬಂದಿರುತ್ತದೆ. ಎರಡು ಆಂಟೆನಾ ಇರುವ ಯಂತ್ರಕ್ಕೆ ಬೆಲೆ ಹೆಚ್ಚಾದರೂ ಕೊಳ್ಳಿ ಎನ್ನುವುದು ಇದಕ್ಕೇ: ಒಂದು ಕುರುಡಾದ ಜಾಗದಲ್ಲಿ ಇನ್ನೊಂದಕ್ಕೆ ಸಿಗ್ನಲ್ ಸಿಗಬಹುದು.

ದೊಡ್ಡ ಗೋದಾಮಿನಲ್ಲಿ ವೈಫೈ ಪೆಟ್ಟಿಗೆಗಳು ಹಲವು. ಒಂದನ್ನು ಬಿಟ್ಟು ಮುಂದಿನದನ್ನು ಯಾವಾಗ ಹಿಡಿಯಬೇಕೆಂದು ತೀರ್ಮಾನಿಸುವುದು ಕೈಯಲ್ಲಿರುವ ಯಂತ್ರವೇ. ಕೆಲವು ಯಂತ್ರಗಳು ಮನೆ ಖಾಲಿ ಮಾಡದ ಬಾಡಿಗೆದಾರರಂತೆ, ಹತ್ತಿರದಲ್ಲಿ ಬಲವಾದ ಸಿಗ್ನಲ್ ಇದ್ದರೂ ದೂರದ ಹಳೆಯದಕ್ಕೇ ಅಂಟಿಕೊಂಡಿರುತ್ತವೆ. ಈ ಬದಲಾವಣೆಯನ್ನು ಚುರುಕಾಗಿಸುವ 802.11ಆರ್ ಎಂಬ ಮಾನದಂಡ ಯಂತ್ರದಲ್ಲೂ ಪೆಟ್ಟಿಗೆಯಲ್ಲೂ ಇದೆಯೇ ಎಂದು ಕೇಳಿ. ಕೇಳಿದರೆ ಸಾಲದು, ಸ್ಕ್ಯಾನ್ ಮಾಡುತ್ತಾ ಈ ತುದಿಯಿಂದ ಆ ತುದಿಗೆ ನಡೆದು ನೋಡಿ.

ಕೆಳಗೆ ಬೀಳುವುದು, ಧೂಳು ಕೂರುವುದು ಇದ್ದದ್ದೇ. ಐಪಿ67 ಎಂದರೆ ಧೂಳು ಒಳಹೋಗದು, 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಹಾನಿಯಾಗದು. ಆದರೆ ಹುಣಸೆಹಣ್ಣು ಕಪ್ಪಾಗದಂತೆ ಕಾಪಿಡುವ ಕೋಲ್ಡ್ ಸ್ಟೋರೇಜ್‌ನಿಂದ ಬಿಸಿಲಿಗೆ ಬಂದಾಗ ಸ್ಕ್ಯಾನರ್‌ನ ಗಾಜಿನ ಹೊರಮೈಗೆ ಕವಿಯುವ ಮಂಜನ್ನು ಯಾವ ಐಪಿ ಸಂಖ್ಯೆಯೂ ತಡೆಯದು. ಅದಕ್ಕೆ ಗಾಜನ್ನು ಬೆಚ್ಚಗಿಡುವ ಮಾದರಿಗಳೇ ಬೇರೆ ಇವೆ. ಚಳಿಯಲ್ಲಿ ಲಿಥಿಯಂ ಬ್ಯಾಟರಿ ಬೇಗ ಸೋಲುತ್ತದೆ, ಬಿಸಿಯಲ್ಲಿ ಬೇಗ ಮುದಿಯಾಗುತ್ತದೆ. ಬಿಚ್ಚಿ ಬದಲಿಸಲು ಬಾರದ ಬ್ಯಾಟರಿಯ ಯಂತ್ರವನ್ನು ನಾನಂತೂ ಶಿಫಾರಸು ಮಾಡುವುದಿಲ್ಲ.

ಓದುವಾಗ ಅಂಕಿ ತಪ್ಪುವ ಭಯ ಕಡಿಮೆ. ಅಂಗಡಿ ಸಾಮಾನಿನ 13 ಅಂಕಿಗಳ ಬಾರ್‌ಕೋಡ್‌ನಲ್ಲಿ ಕೊನೆಯದು ಉಳಿದ 12ನ್ನು ತಾಳೆ ನೋಡಲೆಂದೇ ಇರುವ ಅಂಕಿ. ತಾಳೆಯಾಗದಿದ್ದರೆ ಸ್ಕ್ಯಾನರ್ ಓದಲು ನಿರಾಕರಿಸುತ್ತದೆ. ಜಪಾನಿನ ಡೆನ್ಸೊ ಕಂಪನಿ ಕಾರಿನ ಬಿಡಿಭಾಗಗಳ ಲೆಕ್ಕಕ್ಕೆಂದು 1994ರಲ್ಲಿ ತಂದ ಕ್ಯೂಆರ್ ಕೋಡ್ ಇನ್ನೂ ಗಟ್ಟಿ: ಅತಿ ಹೆಚ್ಚಿನ ರಕ್ಷಣಾ ಮಟ್ಟದಲ್ಲಿ ಮುದ್ರಿಸಿದ್ದರೆ ಸುಮಾರು ಶೇ. 30ರಷ್ಟು ಹಾಳಾದರೂ ಓದಬಹುದು. ಬೆಲ್ಲದ ಜಿಗುಟು ಮೆತ್ತಿದ ಚೀಟಿಗೆ ಅದೇ ಸರಿ.

ಲೆಕ್ಕ ತಪ್ಪುವುದು ಬೇರೆ ಕಡೆ. ಸಂಪರ್ಕ ಕಡಿದಾಗ ಮಾಡಿದ ಸ್ಕ್ಯಾನ್ ಯಂತ್ರದಲ್ಲೇ ಉಳಿದಿರಬೇಕು. ಸಂಪರ್ಕ ಮರಳಿದಾಗ ಒಂದೇ ಸಲ ದಾಖಲಾಗಬೇಕು, ಎರಡು ಸಲವಲ್ಲ. ಮಾರಲು ಬಂದವರ ಎದುರೇ ವೈಫೈ ಆರಿಸಿ, ಹತ್ತು ಮೂಟೆ ಸ್ಕ್ಯಾನ್ ಮಾಡಿ, ಮತ್ತೆ ಹಚ್ಚಿ, ಕಂಪ್ಯೂಟರಿನಲ್ಲಿ ಎಷ್ಟು ಬಂತೆಂದು ಎಣಿಸಿ.